ಕತ್ತರಿಸಿ ಕೊಡುವ ಮುನ್ನ: ಮೆಡಿಕಲ್ ಶಾಪಿನವರಿಗೆ ಒಂದು ಬಹಿರಂಗ ಪತ್ರ

ತಾಲೂಕು ಮತ್ತು ಹೋಬಳಿ ಊರುಗಳ ಮೆಡಿಕಲ್ ಶಾಪ್ ಮಾಲೀಕರಿಗೆ, ಫಾರ್ಮಸಿಸ್ಟರಿಗೆ, ಬೆಳಗ್ಗೆಯಿಂದ ರಾತ್ರಿವರೆಗೆ ಕೌಂಟರಿನ ಹಿಂದೆ ನಿಂತು ಮಾತ್ರೆ ಕೊಡುವ ಹುಡುಗ ಹುಡುಗಿಯರಿಗೆ,



ಮಲೆನಾಡಿನ ತಾಲೂಕು ಊರೊಂದರಲ್ಲಿ ರೋಗಿಗಳನ್ನು ನೋಡಿಕೊಂಡಿರುವ ಫಿಜಿಶಿಯನ್ ನಾನು. ಈ ಪತ್ರವನ್ನು ರೋಗಿಗಳಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ಯಾಕೆಂದರೆ ನನ್ನ ಹತ್ತಿರ ಬರುವ ಬಹುಪಾಲು ಜನ ಮೊದಲು ನಿಮ್ಮ ಹತ್ತಿರ ಬಂದು ಹೋಗಿರುತ್ತಾರೆ. ಸೊಂಟ ಹಿಡಿಯಲಿ, ಮಂಡಿ ಊದಲಿ, ನಾಟಿ ಮುಗಿಸಿದ ಬೆನ್ನು ನೆಟ್ಟಗಾಗದೆ ಇರಲಿ, ಮೊದಲು ನೆನಪಾಗುವುದು ನಿಮ್ಮ ಅಂಗಡಿ. "ಅಣ್ಣಾ, ಮೈಕೈ ನೋವಿಗೆ ಎರಡು ಹೊತ್ತಿಗೆ ಕೊಡಿ" ಎಂದರೆ ಮುಗಿಯಿತು. ಟೋಕನ್ ಇಲ್ಲ, ಫೀಸಿಲ್ಲ, ರಕ್ತಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವ ಕಾಟವಿಲ್ಲ. ಇದಕ್ಕೆ ನಾನು ಮೂಗು ಮುರಿಯುವವನಲ್ಲ. ನಾಟಿ ಹೊತ್ತಿನಲ್ಲಿ ಒಂದು ದಿನದ ಕೂಲಿ ಬಿಟ್ಟು ಬಂದು ನನ್ನ ಬೆಂಚಿನ ಮೇಲೆ ಕೂತಿರಿ ಎಂದು ಯಾರಿಗೂ ಹೇಳುವ ಬಾಯಿ ನನಗಿಲ್ಲ. ಹಾಗಾಗಿ "ಡಾಕ್ಟರ ಚೀಟಿ ಇಲ್ಲದೆ ಏನನ್ನೂ ಕೊಡಬೇಡಿ" ಎಂಬ ಉಪದೇಶವನ್ನು ಇಲ್ಲಿ ಹುಡುಕಬೇಡಿ. ನೋವಿನ ಮಾತ್ರೆ ಮತ್ತು ಲಿವರ್ ಬಗ್ಗೆ ಕೆಲವು ವಿಷಯ ಹೇಳಬೇಕಿದೆ. ಅದರಲ್ಲಿ ನಿಮ್ಮ ಕತ್ತರಿಯ ವಿಷಯವೂ ಬರುತ್ತದೆ.

ಕಳೆದ ಮಳೆಗಾಲದಲ್ಲಿ ತೋಟದ ಕೆಲಸದವರೊಬ್ಬರನ್ನು ಅವರ ಹೆಂಡತಿ ಕರೆದುಕೊಂಡು ಬಂದರು. ಮೂರ್ನಾಲ್ಕು ದಿನದಿಂದ ಜ್ವರ, ಶೀತ, ಮೈಕೈ ನೋವು. ಊಟ ಸೇರುತ್ತಿರಲಿಲ್ಲ, ಗಂಜಿಯೂ ಅಷ್ಟಕ್ಕಷ್ಟೆ. ಸಂಜೆಯ ಕ್ವಾರ್ಟರ್ ಮಾತ್ರ ಜ್ವರ ಬರುವವರೆಗೆ ಒಂದು ದಿನವೂ ತಪ್ಪಿದ್ದಲ್ಲ. ಈಗ ವಾಂತಿ ನಿಲ್ಲುತ್ತಿಲ್ಲ, ಬಲಗಡೆ ಪಕ್ಕೆಯ ಕೆಳಗೆ ನೋವು, ಕಣ್ಣಿನ ಬಿಳಿಭಾಗ ತುಸು ಹಳದಿ. ಏನು ಮಾತ್ರೆ ತಗೊಂಡಿರಿ ಎಂದು ಕೇಳಿದೆ. ಆಕೆ ಪ್ಲಾಸ್ಟಿಕ್ ಕವರನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಎರಡೆರಡು, ಮೂರು ಮೂರು ಮಾತ್ರೆಗಳ ತುಂಡು ಸ್ಟ್ರಿಪ್‌ಗಳು, ಖಾಲಿ ಫಾಯಿಲ್ ಚೂರುಗಳು, ಅಂಗಡಿಯ ಹೆಸರಿಲ್ಲದ ಎರಡು ಬಿಳಿ ಪೊಟ್ಟಣ. ಒಂದು ಚೂರಿನ ಮೇಲೆ ಹೆಸರಿನ ಕೊನೆಯ ಎರಡಕ್ಷರ ಮಾತ್ರ ಉಳಿದಿತ್ತು. ಇನ್ನೊಂದರ ಮೇಲೆ ಬರೇ "ಮಿ.ಗ್ರಾಂ" ಎಂದಿತ್ತು. ಮಾತ್ರೆಯ ಬಣ್ಣ, ಆಕಾರ, ಫಾಯಿಲಿನ ಹೊಳಪು ನೋಡಿ, ನಿಮ್ಮಲ್ಲೇ ಒಬ್ಬರಿಗೆ ಫೋನ್ ಮಾಡಿ ವಿಚಾರಿಸಿದ ಮೇಲೆ ಲೆಕ್ಕ ಸಿಕ್ಕಿತು.

ಜ್ವರಕ್ಕೆಂದು ಒಂದು ಅಂಗಡಿಯಿಂದ ತಂದ 650ರ ಪ್ಯಾರಾಸಿಟಮಾಲ್, ದಿನಕ್ಕೆ ನಾಲ್ಕು: 2,600 ಮಿ.ಗ್ರಾಂ. ಮೈಕೈ ನೋವಿಗೆಂದು ಇನ್ನೊಂದು ಅಂಗಡಿಯ ಅಸಿಕ್ಲೋಫೆನಾಕ್ ಮಿಶ್ರಣ, ದಿನಕ್ಕೆ ಮೂರು. ಅದರ ಪ್ರತಿ ಮಾತ್ರೆಯಲ್ಲೂ 325 ಪ್ಯಾರಾಸಿಟಮಾಲ್: 975. ಶೀತಕ್ಕೆಂದು ತಂದ ಮಾತ್ರೆಯಲ್ಲಿ ಮತ್ತೆ 500 ಪ್ಯಾರಾಸಿಟಮಾಲ್, ಅದೂ ದಿನಕ್ಕೆ ಮೂರು: 1,500. ಕೂಡಿಸಿದರೆ 5,075 ಮಿ.ಗ್ರಾಂ. ದಷ್ಟಪುಷ್ಟವಾದ, ಊಟ ಮಾಡುವ, ಕುಡಿಯದ ದೊಡ್ಡವರಿಗೇ ದಿನದ ಮಿತಿ 4 ಗ್ರಾಂ. ನಲವತ್ತೈದು ಕಿಲೋ ತೂಗುವ, ಹೊಟ್ಟೆಗಿಲ್ಲದೆ ಮಲಗಿದ, ದಿನವೂ ಕುಡಿಯುವ ಮನುಷ್ಯನಿಗೆ ನಾನು 2 ಗ್ರಾಂ ದಾಟಿಸುವುದಿಲ್ಲ. ಆ ಅಸಿಕ್ಲೋಫೆನಾಕ್ ಕೂಡ ದಿನಕ್ಕೆ ಎರಡೇ ಸಾಕಿತ್ತು, ಅದು ಬೇರೆ ಮಾತು.

ಇದರಲ್ಲಿ ಯಾವ ಅಂಗಡಿಯವರೂ ತಪ್ಪು ಮಾತ್ರೆ ಕೊಟ್ಟಿರಲಿಲ್ಲ. ಆ ಮನುಷ್ಯನೂ ಹುಚ್ಚಾಪಟ್ಟೆ ನುಂಗಿರಲಿಲ್ಲ. ಜ್ವರಕ್ಕೊಂದು, ನೋವಿಗೊಂದು, ಶೀತಕ್ಕೊಂದು ಎಂದು ಅಚ್ಚುಕಟ್ಟಾಗಿಯೇ ತೆಗೆದುಕೊಂಡಿದ್ದ. ಮೂರರೊಳಗೂ ಒಂದೇ ಔಷಧ ಕೂತಿದೆ ಎಂದು ಅವನಿಗೆ ಹೇಳಿದವರಿರಲಿಲ್ಲ, ಓದಿಕೊಳ್ಳಲು ಫಾಯಿಲಿನ ಮೇಲೆ ಹೆಸರೂ ಇರಲಿಲ್ಲ. ಎಸ್‌ಜಿಪಿಟಿ ಸಾವಿರಗಳಲ್ಲಿತ್ತು, ರಕ್ತ ಹೆಪ್ಪುಗಟ್ಟುವ ಸಮಯ ಜಾಸ್ತಿಯಾಗಿತ್ತು. ದೊಡ್ಡಾಸ್ಪತ್ರೆಗೆ ಕಳಿಸಿದೆವು. ಬದುಕಿಕೊಂಡ.

ಒಳಗೆ ಏನಾಗುತ್ತದೆ ಎಂಬುದನ್ನು ನಿಮ್ಮ ಲೆಕ್ಕದ ಪುಸ್ತಕದ ಮಾತಿನಲ್ಲೇ ಹೇಳುತ್ತೇನೆ. ನುಂಗಿದ ಪ್ಯಾರಾಸಿಟಮಾಲಿನ ಬಹುಪಾಲನ್ನು ಲಿವರ್ ನಿರುಪದ್ರವಿಯಾಗಿ ಮಾರ್ಪಡಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ನೂರರಲ್ಲಿ ಐದು ಹತ್ತು ಪಾಲು ಮಾತ್ರ ಇನ್ನೊಂದು ದಾರಿ ಹಿಡಿದು ನ್ಯಾಪ್‌ಕ್ವಿ ಎಂಬ ಸುಡುವಂಥ ವಸ್ತುವಾಗುತ್ತದೆ. ಅದನ್ನು ತಕ್ಷಣ ಹಿಡಿದು ತಟಸ್ಥಗೊಳಿಸಲು ಲಿವರಿನಲ್ಲಿ ಗ್ಲುಟಾಥಯೋನ್ ಎಂಬುದರ ಸ್ಟಾಕ್ ಇರುತ್ತದೆ. ಮಿತಿಯೊಳಗೆ ತೆಗೆದುಕೊಂಡರೆ ಸ್ಟಾಕ್ ಖಾಲಿಯಾದಷ್ಟೂ ಮತ್ತೆ ತುಂಬುತ್ತದೆ. ಆದರೆ ಹೊಸ ಮಾಲು ಬರಬೇಕಾದರೆ ಹೊಟ್ಟೆಗೆ ಅನ್ನ, ಬೇಳೆ, ಮೊಟ್ಟೆ ಬೀಳಬೇಕು. ಉಪವಾಸವಿದ್ದವನ ಗೋದಾಮು ಅರ್ಧ ಖಾಲಿ. ದಿನವೂ ಕುಡಿಯುವವನಿಗೆ ಎರಡು ಕಡೆಯಿಂದ ಪೆಟ್ಟು: ಇತ್ತ ಸ್ಟಾಕ್ ಕಡಿಮೆ, ಅತ್ತ ನ್ಯಾಪ್‌ಕ್ವಿ ತಯಾರಿಸುವ ಕಿಣ್ವ ಮಾತ್ರ ಮದ್ಯದಿಂದಲೇ ಚುರುಕಾಗಿರುತ್ತದೆ. ಸ್ಟಾಕ್ ಮುಗಿದ ಮೇಲೆ ಆ ವಸ್ತು ಲಿವರಿನ ಜೀವಕೋಶಗಳಿಗೇ ಅಂಟಿಕೊಂಡು ಅವನ್ನು ಸಾಯಿಸುತ್ತದೆ.

ಇದು ಗೊತ್ತಾಗಲು ಬಹಳ ಕಾಲ ಬೇಕಾಯಿತು ಎಂಬುದು ನನಗೆ ಈಗಲೂ ಸೋಜಿಗ. ಪ್ಯಾರಾಸಿಟಮಾಲ್ ಮೊದಲು ತಯಾರಾದದ್ದು 1878ರಲ್ಲಿ. ಅಂಗಡಿಗಳಲ್ಲಿ ಜನಪ್ರಿಯವಾದದ್ದು 1950ರ ದಶಕದಲ್ಲಿ, ಹೊಟ್ಟೆಗೆ ಆಸ್ಪಿರಿನ್‌ಗಿಂತ ಹಿತ ಎಂಬ ಕಾರಣಕ್ಕೆ. ಅತಿಯಾದರೆ ಲಿವರ್ ಸುಡುತ್ತದೆ ಎಂದು ಎಡಿನ್‌ಬರೋದ ಡೇವಿಡ್‌ಸನ್ ಮತ್ತು ಈಸ್ಟ್‌ಹ್ಯಾಮ್ ಬರೆದದ್ದು 1966ರಲ್ಲಿ. ಅದು ಹೇಗೆಂದು ಅಮೆರಿಕದ ಸಂಶೋಧಕರು ಬಿಡಿಸಿ ಹೇಳಿದ್ದು 1973ರಲ್ಲಿ. ಅದಾದ ನಾಲ್ಕೇ ವರ್ಷಕ್ಕೆ ಎಡಿನ್‌ಬರೋದಲ್ಲೇ ಪ್ರೆಸ್ಕಾಟ್ ಮತ್ತು ಸಂಗಡಿಗರು ಅಸಿಟೈಲ್‌ಸಿಸ್ಟೀನನ್ನು ರಕ್ತನಾಳಕ್ಕೆ ಕೊಟ್ಟು ಪರಿಹಾರ ತೋರಿಸಿದರು. ಅದು ನಿಮಗೆ ಹೊಸದಲ್ಲ. ಕಫ ಕರಗಿಸಲು ನೀರಿನಲ್ಲಿ ಬುರುಬುರು ಕರಗುವ 600ರ ಮಾತ್ರೆಯಾಗಿ ನಿಮ್ಮಲ್ಲಿ ಕೆಲವರ ಕಪಾಟಿನಲ್ಲೇ ಇದೆ. ಲಿವರಿನ ಖಾಲಿಯಾದ ಸ್ಟಾಕನ್ನು ತುಂಬಿಸುವುದೂ ಅದೇ. ಹಾಗೆಂದು ಅಂಗಡಿಯಲ್ಲೇ ಕೊಟ್ಟು ಕಳಿಸಬೇಡಿ. ಅದರ ಡೋಸು ಬೇರೆ, ಜೊತೆಗೆ ಆಸ್ಪತ್ರೆಯ ಕಾವಲೂ ಬೇಕು.

ಇಲ್ಲಿ ಗಡಿಯಾರದ ಮಾತು ಮುಖ್ಯ. ಜಗಳವಾಡಿಕೊಂಡೋ, ಮನಸ್ಸು ಕೆಟ್ಟೋ ಯಾರಾದರೂ ಒಟ್ಟಿಗೆ ಹೆಚ್ಚು ಮಾತ್ರೆ ನುಂಗಿದರು ಎಂದು ಮನೆಯವರು ನಿಮ್ಮ ಅಂಗಡಿಗೆ ಓಡಿ ಬಂದು, "ಈಗ ಆರಾಮಾಗೇ ಇದ್ದಾರೆ, ಏನೂ ಆಗಲ್ಲ ಅಲ್ವಾ?" ಎಂದು ಕೇಳಿದರೆ, ದಯವಿಟ್ಟು ಸಮಾಧಾನ ಹೇಳಿ ಕಳಿಸಬೇಡಿ. ಮೊದಲ ದಿನ ಒಂದೆರಡು ವಾಂತಿ ಬಿಟ್ಟರೆ ಏನೂ ಕಾಣುವುದೇ ಇಲ್ಲ. ಎರಡನೆಯ ದಿನ ಪಕ್ಕೆ ನೋವು. ಮೂರು ನಾಲ್ಕನೆಯ ದಿನಕ್ಕೆ ಕಾಮಾಲೆ, ಮಂಪರು. ಅಸಿಟೈಲ್‌ಸಿಸ್ಟೀನ್ ಅತ್ಯಂತ ಚೆನ್ನಾಗಿ ಕೆಲಸ ಮಾಡುವುದು ನುಂಗಿದ ಎಂಟು ಗಂಟೆಯ ಒಳಗೆ. ಅಂದರೆ ಆರಾಮಾಗಿ ಕಾಣುತ್ತಿರುವ ಆ ಹೊತ್ತೇ ಆಂಬುಲೆನ್ಸಿನ ಹೊತ್ತು. ತಡವಾಗಿದ್ದರೂ ಕಳಿಸಿ, ಔಷಧದಿಂದ ಉಪಯೋಗ ಆಮೇಲೂ ಇದೆ.

ಇಷ್ಟು ಓದಿ ನಾಳೆಯಿಂದ "ಪ್ಯಾರಾಸಿಟಮಾಲ್ ಡೇಂಜರ್, ಬೇರೆ ತಗೊಳ್ಳಿ" ಎಂದು ಶುರು ಮಾಡಿದರೆ ನಾನು ಬರೆದದ್ದು ದಂಡ, ದಂಡಕ್ಕಿಂತ ಹೆಚ್ಚಾಗಿ ಅಪಾಯ. ಅಮೆರಿಕದಲ್ಲಿ ಲಿವರ್ ಹಠಾತ್ತನೆ ಕೈಕೊಡುವ ಪ್ರಕರಣಗಳಲ್ಲಿ ಸುಮಾರು ಅರ್ಧಕ್ಕೆ ಪ್ಯಾರಾಸಿಟಮಾಲ್ ಕಾರಣ. ನಮ್ಮಲ್ಲಿ ಹಾಗಿಲ್ಲ. ನಮ್ಮಲ್ಲಿ ಮೊದಲು ಬರುವುದು ಕಾಮಾಲೆಯ ವೈರಸ್‌ಗಳು, ಅದರ ಹಿಂದೆ ಕ್ಷಯದ ಔಷಧಿಗಳು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಮತ್ತು ಸಂಗಡಿಗರು ಔಷಧಿಯಿಂದ ಲಿವರ್ ಕೆಟ್ಟ 313 ರೋಗಿಗಳ ವಿವರವನ್ನು 2010ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇ. 58 ಮಂದಿಗೆ ಕಾರಣ ಟಿಬಿ ಮಾತ್ರೆ. ಒಟ್ಟು ರೋಗಿಗಳಲ್ಲಿ ಶೇ. 17ರಷ್ಟು ಜನ ತೀರಿಕೊಂಡಿದ್ದರು. ನೋವಿನ ಮಾತ್ರೆ ಈ ಸಾಲಿನಲ್ಲಿ ಬಹಳ ಹಿಂದೆ ನಿಲ್ಲುತ್ತದೆ.

ಹಾಗಾದರೆ ಇಷ್ಟುದ್ದ ಪತ್ರ ಏಕೆ? ಸಾಲಿನಲ್ಲಿ ಮುಂದಿರುವವರೂ ಹಿಂದಿರುವವರೂ ಒಂದೇ ಮನುಷ್ಯನ ಹೊಟ್ಟೆಯೊಳಗೆ ಸೇರುವುದರಿಂದ. ಟಿಬಿ ಮಾತ್ರೆ ನುಂಗುತ್ತಿರುವವರಿಗೂ ಮೈಕೈ ನೋವು ಬರುತ್ತದೆ. ಪೈರಜಿನಮೈಡ್ ಕೊಡುವ ಮೊದಲ ಎರಡು ತಿಂಗಳಲ್ಲಂತೂ ಕೀಲುನೋವು ಸಾಮಾನ್ಯ. ಅವರು ಆಸ್ಪತ್ರೆಗೆ ಬಂದು ಹೇಳುವುದಿಲ್ಲ, ಟಿಬಿ ಎಂದು ಊರಿಗೆ ಗೊತ್ತಾದೀತೆಂಬ ಅಂಜಿಕೆ. ನಿಮ್ಮ ಹತ್ತಿರ ಬಂದು ಸುಮ್ಮನೆ "ನೋವಿನ ಮಾತ್ರೆ" ಎನ್ನುತ್ತಾರೆ. ಅವರ ಲಿವರ್ ಆಗಲೇ ಮೂರು ಬಿಸಿ ಔಷಧಿಗಳ ಜೊತೆ ಏಗುತ್ತಿರುತ್ತದೆ. ಅವರಿಗೆ ಕಡಿಮೆ ಡೋಸಿನ ಪ್ಯಾರಾಸಿಟಮಾಲ್ ಒಂದೆರಡು ದಿನಕ್ಕೆ ಕೊಟ್ಟು, ವಾಂತಿಯೋ ಹಳದಿ ಮೂತ್ರವೋ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಎನ್ನಬೇಕು. ಬೇರೆ ಯಾರ ಕಿವಿಗೂ ಬೀಳದಂತೆ ಹೇಳಿದರೆ ಇನ್ನೂ ಒಳ್ಳೆಯದು.

ಈಗ ಉಳಿದ ನೋವಿನ ಮಾತ್ರೆಗಳಿಗೆ ಬರುತ್ತೇನೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನಿಮೆಸುಲೈಡ್, ಐಬುಪ್ರೊಫೆನ್. ಇವು ಲಿವರಿಗೆ ಮಾಡುವ ತೊಂದರೆಯ ಬಗೆಯೇ ಬೇರೆ. ಪ್ಯಾರಾಸಿಟಮಾಲಿನದು ಲೆಕ್ಕದ ಜಗಳ, ಇಷ್ಟು ದಾಟಿದರೆ ಇಷ್ಟು ಹಾನಿ ಎಂದು ಅಂದಾಜಿಸಬಹುದು. ಇವುಗಳದು ಹಾಗಲ್ಲ. ಲಕ್ಷ ಜನಕ್ಕೆ ಏನೂ ಆಗದ ಡೋಸೇ ಒಬ್ಬರಿಗೆ ಆಗದೆ ಹೋಗುತ್ತದೆ, ಆ ಒಬ್ಬರು ಯಾರೆಂದು ಮುಂಚೆ ಹೇಳಲಾಗದು. ಡೈಕ್ಲೋಫೆನಾಕನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳುವವರಲ್ಲಿ ನೂರಕ್ಕೆ ಹದಿನೈದು ಮಂದಿಯವರೆಗೆ ಲಿವರಿನ ಕಿಣ್ವಗಳು ಸ್ವಲ್ಪ ಏರುತ್ತವೆ. ಹೆಚ್ಚಿನವರಿಗೆ ಅದು ಗೊತ್ತೂ ಆಗದೆ ಇಳಿಯುತ್ತದೆ. ನಿಜವಾಗಿ ಲಿವರ್ ಕೆಡುವುದು ಬಹಳ ಅಪರೂಪ, ಆದರೆ ಕೆಟ್ಟಾಗ ಜೋರಾಗಿಯೇ ಕೆಡಬಹುದು. ಮಂಡಿನೋವಿಗೆ ವರ್ಷದಿಂದ ದಿನಾ ಒಂದು ನುಂಗುವ ಅಜ್ಜಿಗೆ ಈ ಅಪಾಯವಿದೆ. ಒಂದು ದಿನದ ಹಲ್ಲುನೋವಿಗೆ ಒಂದು ಮಾತ್ರೆ ಒಯ್ಯುವವನಿಗೆ ಹೆಚ್ಚುಕಡಿಮೆ ಇಲ್ಲ. ಆ ಅಜ್ಜಿಗೆ ಡೈಕ್ಲೋಫೆನಾಕ್ ಜೆಲ್ ಕೊಡಿ, ಮಂಡಿಗೆ ಹಚ್ಚಿಕೊಳ್ಳಲಿ. ಹಚ್ಚಿದ್ದರಲ್ಲಿ ರಕ್ತಕ್ಕೆ ಸೇರುವುದು ನುಂಗಿದ್ದಕ್ಕೆ ಹೋಲಿಸಿದರೆ ಅತ್ಯಲ್ಪ.

ನಿಮೆಸುಲೈಡಿನ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಜ್ವರ ಬೇಗ ಇಳಿಯುತ್ತದೆ, ಗಿರಾಕಿ ಮೆಚ್ಚುತ್ತಾನೆ, ಅದು ನನಗೆ ಗೊತ್ತು. ಅಮೆರಿಕ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಸ್ಪೇನ್, ಫಿನ್‌ಲೆಂಡ್ 2002ರಲ್ಲಿ, ಐರ್ಲೆಂಡ್ 2007ರಲ್ಲಿ ಲಿವರಿನ ಕಾರಣಕ್ಕೇ ಅದರ ಮಾರಾಟ ನಿಲ್ಲಿಸಿದವು. ನಮ್ಮಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2011ರಲ್ಲಿ ಆದೇಶವಾಯಿತು. ನಿಮೆಸುಲೈಡ್ ಮತ್ತು ಪ್ಯಾರಾಸಿಟಮಾಲ್ ಬೆರೆಸಿದ, ನೀರಿನಲ್ಲಿ ಕರಗುವ ಮಾತ್ರೆ 2023ರಲ್ಲಿ ನಿಷೇಧವಾಯಿತು. 2025ರ ಕೊನೆಯಲ್ಲಿ 100 ಮಿ.ಗ್ರಾಂ ಮೀರಿದ ಸಾಮಾನ್ಯ ಮಾತ್ರೆಗಳಿಗೂ ತಡೆ ಬಿತ್ತು. ಸರಕಾರ ಇಂಚಿಂಚಾಗಿ ಹಿಂದೆ ಸರಿಸುತ್ತಿರುವ ಔಷಧವನ್ನು ನೀವು ಚೀಟಿ ಇಲ್ಲದೆ ಮುಂದೆ ಚಾಚುವುದರಲ್ಲಿ ಯಾವ ಜಾಣತನವೂ ಇಲ್ಲ. ಅದು ಷೆಡ್ಯೂಲ್ ಎಚ್ ಔಷಧ ಎಂದು ನಾನು ನಿಮಗೆ ಹೇಳಿಕೊಡಬೇಕಿಲ್ಲ.

ಇನ್ನೊಂದು ವಿಚಿತ್ರ ನಂಬಿಕೆ ನಮ್ಮ ಕಡೆ ಬೇರುಬಿಟ್ಟಿದೆ. ಲಿವರ್ ಕಾಯಿಲೆ ಇದ್ದವರಿಗೆ ಪ್ಯಾರಾಸಿಟಮಾಲ್ ಕೊಡಲೇಬಾರದು ಎಂದುಕೊಂಡು, "ನಿಮಗೆ ಇದು ಸೇಫು" ಎಂದು ಡೈಕ್ಲೋಫೆನಾಕೋ ಐಬುಪ್ರೊಫೆನೋ ಕೊಡುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ ಇದು. ಹೊಟ್ಟೆಯಲ್ಲಿ ನೀರು ತುಂಬಿರುವ ಸಿರೋಸಿಸ್ ರೋಗಿಯ ಕಿಡ್ನಿ ಒಂದು ಎಳೆಯ ಮೇಲೆ ನಿಂತಿರುತ್ತದೆ. ಈ ಮಾತ್ರೆಗಳು ಕಿಡ್ನಿಗೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತವೆ, ಹೊಟ್ಟೆಯ ನೀರು ಹೆಚ್ಚಾಗುತ್ತದೆ, ಅನ್ನನಾಳದ ಉಬ್ಬಿದ ರಕ್ತನಾಳ ಒಡೆದು ರಕ್ತವಾಂತಿಯೂ ಆಗಬಹುದು. ಅಂಥವರಿಗೆ ನೋವಿಗೆ ಇರುವುದರಲ್ಲಿ ಸುರಕ್ಷಿತವಾದದ್ದು ದಿನಕ್ಕೆ 2 ಗ್ರಾಂ ಮೀರದ ಪ್ಯಾರಾಸಿಟಮಾಲೇ. 500ರದ್ದು ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು, ಅದೂ ಅವರ ಡಾಕ್ಟರಿಗೆ ತಿಳಿಸಿ.

ಮಲೆನಾಡಿನ ಜ್ವರಗಳಿಗೂ ಇದೇ ಮಾತು. ಮಳೆಗಾಲದ ಇಲಿ ಜ್ವರ ಲಿವರನ್ನೂ ಕಿಡ್ನಿಯನ್ನೂ ಒಟ್ಟಿಗೆ ಹಿಡಿಯುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಪತ್ತೆಯಾದ ಮಂಗನ ಕಾಯಿಲೆಯಲ್ಲಿ ರಕ್ತಸ್ರಾವದ ಭಯ, ಡೆಂಗಿಯಲ್ಲೂ ಹಾಗೆಯೇ. ಇವುಗಳಲ್ಲಿ ಯಾವುದೆಂದು ಗೊತ್ತಿಲ್ಲದ ಜ್ವರಕ್ಕೆ ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಮೈಕೈ ನೋವು ಎಷ್ಟೇ ಇರಲಿ, ಬರೀ ಪ್ಯಾರಾಸಿಟಮಾಲ್ ಕೊಡಿ. ಆದರೆ ಡೆಂಗಿ ತಾನೇ ಲಿವರಿನ ಕಿಣ್ವಗಳನ್ನು ಏರಿಸುವುದರಿಂದ ಅಲ್ಲಿ ಮಿತಿ ಇನ್ನೂ ಬಿಗಿ. ಜ್ವರ ಇಳಿಯಲಿಲ್ಲವೆಂದು ಎರಡು ಗಂಟೆಗೊಮ್ಮೆ ಒಂದೊಂದು ಹಾಕಿಕೊಳ್ಳುವ ಜನ ಇದ್ದಾರೆ. ನಾಲ್ಕರಿಂದ ಆರು ಗಂಟೆ ಅಂತರ ಎಂದು ನೀವು ಬಾಯಿಬಿಟ್ಟು ಹೇಳಿದರೆ ಕೇಳುತ್ತಾರೆ. ನಿಮ್ಮ ಮಾತಿಗೆ ನನ್ನ ಮಾತಿಗಿಂತ ಬೆಲೆ ಜಾಸ್ತಿ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಲಿವರ್ ಟಾನಿಕ್ ಬಗ್ಗೆ ಒಂದು ಮಾತು. ನೋವಿನ ಮಾತ್ರೆಯ ಜೊತೆಗೆ ಗ್ಯಾಸ್ ಮಾತ್ರೆ ಕೊಡುವುದು ಎಲ್ಲರಿಗೂ ರೂಢಿ, ವಯಸ್ಸಾದವರಲ್ಲಿ ಅದಕ್ಕೆ ಅರ್ಥವೂ ಇದೆ. ಆ ಲೆಕ್ಕದಲ್ಲೇ "ಲಿವರಿಗೆ ಏನೂ ಆಗದಿರಲಿ" ಎಂದು ಒಂದು ಬಾಟಲಿ ಸಿರಪ್ಪನ್ನೂ ಕಟ್ಟಿಕೊಡುವವರಿದ್ದಾರೆ. ಹಾಗೆ ಕಾಪಾಡುವ ಶಕ್ತಿ ಆ ಬಾಟಲಿಗಳಿಗೆ ಇದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಹಣ ಹೋದರೆ ಹೋಗಲಿ, ಟಾನಿಕ್ ಕುಡಿದಿದ್ದೇನಲ್ಲ ಎಂಬ ಧೈರ್ಯದಲ್ಲಿ ಇನ್ನೆರಡು ಮಾತ್ರೆ ಜಾಸ್ತಿ ಹೋಗುತ್ತದೆ, ಇನ್ನೊಂದು ಕ್ವಾರ್ಟರೂ ಹೋಗುತ್ತದೆ.

ಮಕ್ಕಳ ಔಷಧದಲ್ಲಿ ಎಡವುವುದು ಇನ್ನೊಂದು ಬಗೆ. ಡ್ರಾಪ್ಸ್ ಮತ್ತು ಸಿರಪ್ ಎರಡೂ ಒಂದೇ ಹೆಸರಿನ, ಒಂದೇ ಬಣ್ಣದ ಡಬ್ಬದಲ್ಲಿ ಬರುತ್ತವೆ. ಡ್ರಾಪ್ಸಿನಲ್ಲಿ ಒಂದು ಮಿಲಿಗೆ 100 ಮಿ.ಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಐದು ಮಿಲಿಗೆ 120 ಅಥವಾ 125, ಇನ್ನೊಂದು ಬಗೆಯಲ್ಲಿ ಐದು ಮಿಲಿಗೆ 250. ಹತ್ತು ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ ಬೇಕಾದ್ದು ಹೆಚ್ಚೆಂದರೆ 150. ಡ್ರಾಪ್ಸಾದರೆ ಒಂದೂವರೆ ಮಿಲಿ, 250ರ ಸಿರಪ್ಪಾದರೆ ಮೂರು ಮಿಲಿ, 125ರದ್ದಾದರೆ ಆರು ಮಿಲಿ. ಹೋದ ಸಲ ಸಿರಪ್ ಒಯ್ದು ಆರು ಮಿಲಿ ಕೊಟ್ಟು ರೂಢಿಯಾದ ತಾಯಿಗೆ ಈ ಸಲ ಡ್ರಾಪ್ಸ್ ಕೊಟ್ಟು ಏನೂ ಹೇಳದೆ ಕಳಿಸಿದರೆ, ಆಕೆ ಅದನ್ನೂ ಆರು ಮಿಲಿ ಹಾಕುತ್ತಾಳೆ. 600 ಮಿ.ಗ್ರಾಂ. ನಾಲ್ಕು ಪಟ್ಟು. ಜ್ವರ ಬಿಡದೆ ಇದ್ದರೆ ಅದೇ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಸಲ. ಮಗುವಿನ ತೂಕ ಕೇಳಿ, ಡಬ್ಬದ ಮೇಲೆ ಪೆನ್ನಿನಲ್ಲಿ ಮಿಲಿ ಬರೆದು ಕೊಡಿ. ಚಮಚದಲ್ಲಿ ಹಾಕಬೇಡಿ, ಡಬ್ಬದೊಳಗಿನ ಮುಚ್ಚಳದಲ್ಲೋ ಡ್ರಾಪರಿನಲ್ಲೋ ಅಳೆದು ಹಾಕಿ ಎಂದು ಹೇಳಿ. ಜ್ವರದ ಮಕ್ಕಳಿಗೆ ಆಸ್ಪಿರಿನ್ ಅಂತೂ ಬೇಡವೇ ಬೇಡ. ಫ್ಲೂ, ಸೀತಾಳೆ ಸಿಡುಬಿನ ಬೆನ್ನಿಗೆ ಅದು ಲಿವರ್, ಮೆದುಳು ಎರಡನ್ನೂ ಕೆಡಿಸುವ ರೇ ಸಿಂಡ್ರೋಮಿಗೆ ದಾರಿ ಮಾಡಬಹುದು.

ಈಗ ಕತ್ತರಿ.

ಬಿಡಿ ಮಾತ್ರೆ ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಹತ್ತು ಮಾತ್ರೆಯ ಸ್ಟ್ರಿಪ್ ಕೊಳ್ಳಲು ಎಲ್ಲರ ಕೈಯಲ್ಲೂ ದುಡ್ಡಿರುವುದಿಲ್ಲ. ಒಂದು ರೀತಿಯಲ್ಲಿ ಕಡಿಮೆ ಕೊಡುವುದೇ ಲಿವರಿಗೂ ಒಳ್ಳೆಯದು. ಬ್ರಿಟನ್ನಿನಲ್ಲಿ 1998ರಲ್ಲಿ ಕಾನೂನು ಮಾಡಿ, ದಿನಸಿ ಅಂಗಡಿಯಲ್ಲಿ ಒಂದು ಪೊಟ್ಟಣದಲ್ಲಿ 16, ಔಷಧ ಅಂಗಡಿಯಲ್ಲಿ 32 ಪ್ಯಾರಾಸಿಟಮಾಲ್ ಮಾತ್ರೆಗಿಂತ ಹೆಚ್ಚು ಇರಬಾರದು ಎಂದರು. ಮುಂದಿನ ಹನ್ನೊಂದು ವರ್ಷದ ಲೆಕ್ಕ ಹಾಕಿದಾಗ ಅತಿಯಾಗಿ ಪ್ಯಾರಾಸಿಟಮಾಲ್ ನುಂಗಿ ಸಾಯುವವರ ಸಂಖ್ಯೆ ಶೇ. 43ರಷ್ಟು ಇಳಿದಿತ್ತು. ಲಿವರ್ ಕಸಿಗೆ ಹೆಸರು ಬರೆಸುವವರೂ ಅರ್ಧಕ್ಕಿಂತ ಕಡಿಮೆಯಾಗಿದ್ದರು. ಹೊಸ ಔಷಧ ಬರಲಿಲ್ಲ, ಹೊಸ ಆಸ್ಪತ್ರೆ ಕಟ್ಟಲಿಲ್ಲ. ಅಂಗಡಿಯಲ್ಲಿ ಕೊಡುವ ರೀತಿಯೊಂದು ಬದಲಾಯಿತು, ಅಷ್ಟೆ. ನಿಮ್ಮ ಕೌಂಟರಿಗೆ ಇರುವ ಶಕ್ತಿಗೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಗೊತ್ತಿಲ್ಲ.

ಆದರೆ ನಮ್ಮ ಕತ್ತರಿ ಮಾತ್ರೆಯ ಜೊತೆಗೆ ಹೆಸರನ್ನೂ ಕತ್ತರಿಸುತ್ತದೆ. ಎಕ್ಸ್‌ಪೈರಿ, ಬ್ಯಾಚ್ ನಂಬರ್ ಒಂದು ತುದಿಯಲ್ಲಿ ಉಳಿಯುತ್ತವೆ, ಹೆಸರು ಮಧ್ಯದಲ್ಲಿ ತುಂಡಾಗುತ್ತದೆ, ಒಳಗೆ ಏನೇನಿದೆ ಎಂಬ ಸಣ್ಣಕ್ಷರವಂತೂ ಯಾರ ಪಾಲಿಗೂ ಬರುವುದಿಲ್ಲ. ಬೇರೆ ಬೇರೆ ಸ್ಟ್ರಿಪ್‌ನ ಮಾತ್ರೆಗಳನ್ನು ಬಿಡಿಸಿ ಒಂದೇ ಬಿಳಿ ಪೊಟ್ಟಣಕ್ಕೆ ಹಾಕಿ ಕೊಟ್ಟರಂತೂ ಮುಗಿದೇ ಹೋಯಿತು. ಆ ಪೊಟ್ಟಣದೊಳಗೆ ಸ್ಟಿರಾಯ್ಡ್ ಸೇರಿದೆಯೋ ಇಲ್ಲವೋ ನನಗೂ ತಿಳಿಯದು, ಮುಂದಿನ ಅಂಗಡಿಯವರಿಗೂ ತಿಳಿಯದು.

ನಾನು ಕೇಳುವುದು ಇಷ್ಟೆ. ಪೊಟ್ಟಣದ ಮೇಲೆ ಕನ್ನಡದಲ್ಲಿ "ಪ್ಯಾರಾಸಿಟಮಾಲ್ ಇದೆ, ದಿನಕ್ಕೆ ಇಷ್ಟು" ಎಂದು ಬರೆಯಿರಿ. ಮಿಶ್ರಣದ ಮಾತ್ರೆಯಾದರೂ, ಶೀತದ ಮಾತ್ರೆಯಾದರೂ ಬರೆಯಿರಿ. ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡರೆ ಅರ್ಧ ಕ್ಷಣದ ಕೆಲಸ. ಕೊಡುವ ಮುನ್ನ "ಮನೆಯಲ್ಲಿ ಬೇರೆ ಜ್ವರದ ಮಾತ್ರೆ, ಶೀತದ ಮಾತ್ರೆ ತಗೊಳ್ತಿದ್ದೀರಾ?" ಎಂದು ಕೇಳಿ. ಕುಡಿಯುತ್ತೀರಾ ಎಂದು ನೇರ ಕೇಳಿದರೆ ಯಾರೂ ಹೌದೆನ್ನುವುದಿಲ್ಲ. "ಎಣ್ಣೆ ಹಾಕಿದ ದಿನ ಇದು ಬೇಡ, ಊಟ ಮಾಡಿಯೇ ತಗೊಳ್ಳಿ" ಎಂದರೆ ಮುಖ ನೋಡಿಯೇ ನಿಮಗೆ ಗೊತ್ತಾಗುತ್ತದೆ. ಮೂರು ದಿನವಾದರೂ ನೋವೋ ಜ್ವರವೋ ಬಿಡದಿದ್ದರೆ ಮತ್ತೆ ಮಾತ್ರೆ ಕೊಡದೆ ಕಳಿಸಿ. ಡಾಕ್ಟರ ಚೀಟಿಯಲ್ಲೇ ಎರಡು ಬ್ರಾಂಡ್ ಹೆಸರಿನಲ್ಲಿ ಒಂದೇ ಔಷಧ ಬಂದಿದ್ದರೆ ಆ ಡಾಕ್ಟರಿಗೆ ಫೋನ್ ಮಾಡಿ. ಗದರಿದರೆ ಗದರಲಿ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿ ರೋಗಿಗೆ ತಿಳಿವಳಿಕೆ ಹೇಳುವುದು ಫಾರ್ಮಸಿಸ್ಟರ ಕೆಲಸ ಎಂದು ಬರೆದೇ ಇದೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟಿನವರು ಅಂಗಡಿಯಲ್ಲಿ ಇದ್ದರೆ ತಾನೇ ಹೇಳುವುದು ಎಂದು ನೀವು ನಗಬಹುದು. ನಾನೂ ನಕ್ಕೆ.

ಇದಕ್ಕೆಲ್ಲ ನಿಮ್ಮ ಉತ್ತರ ನನಗೆ ಗೊತ್ತಿದೆ. "ನಾನು ಕೊಡದಿದ್ದರೆ ಪಕ್ಕದವನು ಕೊಡುತ್ತಾನೆ. ಇಷ್ಟೆಲ್ಲ ಕೇಳುತ್ತಾ ಕೂತರೆ ಗಿರಾಕಿ ಬೈಕ್ ಹತ್ತುತ್ತಾನೆ." ನಿಜವೇ. ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಹಳ್ಳಿಯಲ್ಲಿ ಕಿರಾಣಿ ಅಂಗಡಿಯವರು ಲೈಸೆನ್ಸ್ ಇಲ್ಲದೆಯೇ ಆಸ್ಪಿರಿನ್, ಪ್ಯಾರಾಸಿಟಮಾಲ್ ಮಾರಬಹುದೆಂದು ಕಾನೂನೇ ಒಪ್ಪಿದೆ, ಅಲ್ಲಿ ಕೇಳುವವರು ಯಾರೂ ಇಲ್ಲ. ಅದಕ್ಕೇ ಈ ಪತ್ರವನ್ನು ಒಬ್ಬರಿಗೆ ಬರೆಯದೆ ಎಲ್ಲರಿಗೂ ಬರೆದದ್ದು. ಬಸ್‌ಸ್ಟ್ಯಾಂಡ್ ರಸ್ತೆಯ ಅಷ್ಟೂ ಅಂಗಡಿಯವರು ಒಟ್ಟಿಗೆ ಸ್ಟ್ಯಾಂಪ್ ಮಾಡಿಸಿದರೆ ಗಿರಾಕಿ ಹೋಗುವುದಾದರೂ ಎಲ್ಲಿಗೆ? ತಾಲೂಕು ಅಸೋಸಿಯೇಷನ್ನಿನ ಮುಂದಿನ ಮೀಟಿಂಗಿನಲ್ಲಿ ಇದನ್ನು ಇಡಿ. ನಿಮ್ಮ ಅಂಗಡಿಯಲ್ಲಿ ಪ್ಯಾರಾಸಿಟಮಾಲ್ ಇರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ ಒಂದೊಂದು ತನ್ನಿ, ಮೇಜಿನ ಮೇಲೆ ಹರಡಿ ಎಷ್ಟು ಹೆಸರಾಗುತ್ತದೋ ಎಣಿಸೋಣ. ಕರೆದರೆ ನಾನೂ ಬರುತ್ತೇನೆ. ಸಂತೆ ದಿನ ಮಾತ್ರ ಬೇಡ, ಅವತ್ತು ನಿಮಗೂ ಬಿಡುವಿರುವುದಿಲ್ಲ, ನನಗೂ ಇಲ್ಲ.

ಇತಿ,
ನಿಮ್ಮ ಚೀಟಿಗಳ ಕೆಳಗೆ ಸಹಿ ಹಾಕುವವರಲ್ಲಿ ಒಬ್ಬ